ಕೆಂಪು ಮಣ್ಣಿನ ಊರಿನಲ್ಲಿ ಗಣಿ ಕಾರ್ಮಿಕನ ಚಿತ್ರಶಾಲೆ: ಬ್ರೋಕನ್ ಹಿಲ್‌ನ ಪ್ರೊ ಹಾರ್ಟ್ ಗ್ಯಾಲರಿ

ಆಸ್ಟ್ರೇಲಿಯದ ಒಳನಾಡಿಗೆ ಕ್ಯಾರವಾನ್ ಕಟ್ಟಿಕೊಂಡು ಹೊರಡುವವರ ಪಟ್ಟಿಯಲ್ಲಿ ಚಿತ್ರಶಾಲೆ ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿರುತ್ತದೆ. ಮಳೆ ಹಿಡಿದರೆ ಅಥವಾ ಮಧ್ಯಾಹ್ನದ ಬಿಸಿಲು ತಡೆಯಲಾಗದಿದ್ದರೆ ಹೊಕ್ಕು ಬರುವ ಜಾಗವೆಂದೇ ಹೆಚ್ಚಿನವರ ಲೆಕ್ಕ. ನಾವೂ ಅದೇ ಲೆಕ್ಕದಲ್ಲಿ ಹೊರಟವರು. ಜುಲೈ ತಿಂಗಳ ಶಾಲಾ ರಜೆಯಲ್ಲಿ ಮೆಲ್ಬರ್ನ್‌ನಿಂದ ನ್ಯೂ ಸೌತ್ ವೇಲ್ಸ್‌ನ ಪಶ್ಚಿಮದ ಅಂಚಿನಲ್ಲಿರುವ ಬ್ರೋಕನ್ ಹಿಲ್‌ಗೆ ಹೋಗಿ ಬಂದ ಮೇಲೆ, ಇನ್ನೊಮ್ಮೆ ನೋಡಬೇಕೆನಿಸಿದ ಜಾಗ ಯಾವುದೆಂದು ಮನೆಯಲ್ಲಿ ಕೇಳಿದರೆ ನಾಲ್ವರಲ್ಲಿ ಮೂವರು ವೈಮನ್ ಸ್ಟ್ರೀಟಿನಲ್ಲಿರುವ, ಗಣಿಯಿಂದ ಚಿತ್ರಕಲೆಗೆ ಬಂದ ಪ್ರೊ ಹಾರ್ಟ್‌ನ ಗ್ಯಾಲರಿಯ ಹೆಸರು ಹೇಳುತ್ತಾರೆ. ನಾಲ್ಕನೆಯವಳು ಒಂಬತ್ತು ವರ್ಷದ ಮಗಳು. ಅವಳ ಮತ ಎಮು ಹಕ್ಕಿಗೆ.

ಮೆಲ್ಬರ್ನ್‌ನಿಂದ ಮಿಲ್ಡುರಾ ಸುಮಾರು 540 ಕಿಲೋಮೀಟರ್, ಅಲ್ಲಿಂದ ಬ್ರೋಕನ್ ಹಿಲ್ ಇನ್ನೂ 300. ಮರ್ರೆ ಮತ್ತು ಡಾರ್ಲಿಂಗ್ ನದಿಗಳು ಕೂಡುವ ವೆಂಟ್‌ವರ್ತ್ ದಾಟಿ ಸಿಲ್ವರ್ ಸಿಟಿ ಹೆದ್ದಾರಿಗೆ ಬಿದ್ದ ಮೇಲೆ ದ್ರಾಕ್ಷಿ ತೋಟಗಳೂ ಕಿತ್ತಳೆ ತೋಟಗಳೂ ಒಮ್ಮೆಲೇ ಮುಗಿದುಹೋಗುತ್ತವೆ. ಆಮೇಲೆ ಉಳಿಯುವುದು ಬೂದು ಬಣ್ಣದ ಸಾಲ್ಟ್‌ಬುಷ್ ಪೊದೆ, ಕೆಂಪು ಮಣ್ಣು, ಮೇಲೆ ಆಕಾಶ. ಅರ್ಧ ದಾರಿಯಲ್ಲಿ ಕೂಂಬಾ ಎಂಬ ರೋಡ್‌ಹೌಸ್ ಬಿಟ್ಟರೆ ಕಾಫಿ ಸಿಗುವ ಇನ್ನೊಂದು ಜಾಗವಿಲ್ಲ. ಬಾಡಿಗೆಗೆ ತಂದಿದ್ದ ಕ್ಯಾರವಾನ್‌ನ ಮೇಲಿನ ಕಪಾಟಿನ ಚಿಲಕ ಸಡಿಲವಾಗಿದ್ದುದರಿಂದ, ಎದುರಿಗೆ ಬಂದ ರೋಡ್ ಟ್ರೈನ್ (ಹಲವು ಟ್ರೈಲರ್ ಎಳೆಯುವ ಉದ್ದನೆಯ ಲಾರಿ) ಒಂದರ ಗಾಳಿಗೆ ಗಾಡಿ ಓಲಾಡಿದಾಗ ಅವಲಕ್ಕಿ ಡಬ್ಬ ಕೆಳಗೆ ಬಿದ್ದು, ಒಂದು ಕಿಲೋ ಅವಲಕ್ಕಿಯ ಮೇಲೆ ಹೆಜ್ಜೆಯಿಟ್ಟುಕೊಂಡೇ ನಾವು ಆ ಸಂಜೆ ಒಳಗೆ ಹೋಗಬೇಕಾಯಿತು. ಈ ದಾರಿಯ ವಿಷಯವನ್ನು ಇಷ್ಟಾದರೂ ಹೇಳುವುದಕ್ಕೆ ಕಾರಣವಿದೆ. ವಿಮಾನದಲ್ಲಿ ಬಂದಿಳಿದು ಈ ಗ್ಯಾಲರಿಗೆ ಹೋಗುವವನಿಗೆ ಕಾಣುವ ಚಿತ್ರಗಳೂ, ಮೂರು ಗಂಟೆ ಅದೇ ನೇರ ರಸ್ತೆಯಲ್ಲಿ ಅದೇ ಕ್ಷಿತಿಜವನ್ನು ಗಾಜಿನಾಚೆ ನೋಡುತ್ತ ಬಂದವನಿಗೆ ಕಾಣುವ ಚಿತ್ರಗಳೂ ಒಂದೇ ಅಲ್ಲವೆಂಬುದು ನನ್ನ ಅನುಭವ.

ಮರುದಿನ ಬೆಳಿಗ್ಗೆ ಗ್ಯಾಲರಿಯ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಹೋದೆವೆಂದುಕೊಂಡರೆ ಬಾಗಿಲು ಮುಚ್ಚಿತ್ತು. ತಪ್ಪು ನಮ್ಮದೇ. ಬ್ರೋಕನ್ ಹಿಲ್ ನ್ಯೂ ಸೌತ್ ವೇಲ್ಸ್ ರಾಜ್ಯಕ್ಕೆ ಸೇರಿದ್ದರೂ ಗಡಿಯಾರವನ್ನು ದಕ್ಷಿಣ ಆಸ್ಟ್ರೇಲಿಯದ ಜೊತೆ ಇಟ್ಟುಕೊಂಡಿರುವ ಊರು. ಸಿಡ್ನಿ, ಮೆಲ್ಬರ್ನ್‌ಗಳಿಗಿಂತ ಅರ್ಧ ಗಂಟೆ ಹಿಂದೆ. ಊರಿನ ವ್ಯವಹಾರವೆಲ್ಲ ಮೊದಲಿನಿಂದಲೂ ಅಡಿಲೇಡ್ ಕಡೆಗೇ ಇತ್ತು, ಅದಿರು ಸಾಗಿಸಿದ್ದೂ ಆ ಕಡೆಗೇ. ಸಿಡ್ನಿಗೆ ಇಲ್ಲಿಂದ 1,100 ಕಿಲೋಮೀಟರಿಗೂ ಹೆಚ್ಚು ದೂರ, ಅಡಿಲೇಡ್‌ಗೆ ಅದರ ಅರ್ಧ. ಮೊಬೈಲ್ ತಾನಾಗಿಯೇ ಸಮಯ ಬದಲಿಸಿಕೊಂಡಿತ್ತು, ನಾವು ಮಾತ್ರ ಕಾರಿನ ಗಡಿಯಾರವನ್ನು ನಂಬಿದ್ದೆವು.

ಆ ಅರ್ಧ ಗಂಟೆ ವ್ಯರ್ಥವಾಗಲಿಲ್ಲ. ಕಟ್ಟಡದ ಹೊರಗೇ ಲೋಹದ ಶಿಲ್ಪಗಳಿವೆ. ಅವನ್ನು ನೋಡುವುದಕ್ಕೆ ಬಾಗಿಲು ತೆರೆಯಬೇಕಾಗಿಲ್ಲ. ಬೆಸುಗೆ ಹಾಕಿದ ಉಕ್ಕಿನ ದೊಡ್ಡ ಕೀಟಗಳನ್ನು ನೋಡುತ್ತ, ಬೆಳಗಿನ ಚಳಿಗೆ ಕೈ ಉಜ್ಜಿಕೊಳ್ಳುತ್ತ, ಈ ಮನುಷ್ಯ ಮೊದಲು ಕಬ್ಬಿಣದ ಕೆಲಸ ಬಲ್ಲವನು, ಆಮೇಲೆ ಚಿತ್ರಕಾರ ಎಂದು ನನ್ನ ತಂದೆ ಹೇಳಿದರು. ಅವರ ಮಾತನ್ನು ಈ ವಿಮರ್ಶೆಯಲ್ಲಿ ಹಲವು ಕಡೆ ತರುತ್ತೇನೆ. ನಾವು ಬಂಗಾರಪೇಟೆ ಕಡೆಯವರು. ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫ್‌ನಲ್ಲಿ, 2001ರಲ್ಲಿ ಗಣಿ ಮುಚ್ಚುವವರೆಗೂ ಕೆಲಸ ಮಾಡಿದವರು. ಮಗನ ಮನೆಗೆಂದು ಆರು ತಿಂಗಳ ವೀಸಾದಲ್ಲಿ ಬಂದಿದ್ದ ಅವರಿಗೆ ಮೆಲ್ಬರ್ನ್‌ನಲ್ಲಿ ಹೊತ್ತು ಹೋಗುತ್ತಿರಲಿಲ್ಲ; ಗಣಿಯ ಊರು ಎಂದ ತಕ್ಷಣ ಕ್ಯಾರವಾನ್‌ನ ಇಕ್ಕಟ್ಟಿಗೂ ಒಪ್ಪಿ ಹೊರಟಿದ್ದರು.

ಊರನ್ನು ನೋಡಿದರೆ ಅವರು ಒಪ್ಪಿದ್ದು ಸರಿಯೆಂದು ತಿಳಿಯುತ್ತದೆ. 1883ರಲ್ಲಿ ಚಾರ್ಲ್ಸ್ ರಾಸ್ಪ್ ಎಂಬ ಕುರಿ ಫಾರ್ಮಿನ ಬೇಲಿ ಕಾಯುವ ಆಳು ಇಲ್ಲಿನ ಬೋಳು ಗುಡ್ಡದ ಮೇಲೆ ಗೂಟ ನೆಟ್ಟು ಹಕ್ಕು ಹೇಳಿಕೊಂಡ. ಎರಡು ವರ್ಷದಲ್ಲಿ ಬ್ರೋಕನ್ ಹಿಲ್ ಪ್ರೊಪ್ರೈಟರಿ ಕಂಪನಿ ಹುಟ್ಟಿತು. ಇಂದು ಜಗತ್ತಿಗೆಲ್ಲ ಬಿಎಚ್‌ಪಿ ಎಂದು ಗೊತ್ತಿರುವ ಕಂಪನಿಯ ಮೂಲ ಅದೇ. ಬೆಳ್ಳಿ, ಸೀಸ, ಸತು ಇಲ್ಲಿನ ಅದಿರು. ರಸ್ತೆಗಳ ಹೆಸರೂ ಆರ್ಜೆಂಟ್, ಆಕ್ಸೈಡ್, ಕ್ಲೋರೈಡ್, ಸಲ್ಫೈಡ್, ಕೋಬಾಲ್ಟ್ ಎಂದು ರಸಾಯನಶಾಸ್ತ್ರದ ಪಾಠದಂತೆ ಸಾಗುತ್ತವೆ. ಊರಿನ ನಡುವೆಯೇ ಗಣಿಯಿಂದ ತೆಗೆದ ಕಲ್ಲುಮಣ್ಣಿನ ಕಪ್ಪು ದಿಬ್ಬ ಉದ್ದಕ್ಕೆ ಮಲಗಿದೆ. ಅಪ್ಪ ಅದನ್ನು ನೋಡಿ, ನಮ್ಮ ಸೈನೈಡ್ ಗುಡ್ಡ ಬಿಳಿ, ಇವರದು ಕಪ್ಪು, ವ್ಯತ್ಯಾಸ ಅಷ್ಟೇ ಎಂದರು.

ಈಗ ಚಿತ್ರಕಾರನ ವಿಷಯ. ಕೆವಿನ್ ಚಾರ್ಲ್ಸ್ ಹಾರ್ಟ್ 1928ರಲ್ಲಿ ಬ್ರೋಕನ್ ಹಿಲ್‌ನಲ್ಲಿ ಹುಟ್ಟಿ, ಇಲ್ಲಿಂದ 110 ಕಿಲೋಮೀಟರ್ ದೂರದ ಮೆನಿಂಡಿ ಬಳಿಯ ಕುರಿ ಫಾರ್ಮಿನಲ್ಲಿ ಬೆಳೆದು, ಇಪ್ಪತ್ತರ ಹರೆಯದಲ್ಲಿ ಊರಿಗೆ ಮರಳಿ ಗಣಿಗೆ ಇಳಿದವನು. ಸದಾ ಏನಾದರೊಂದು ಯಂತ್ರ, ಉಪಕರಣ ಕಂಡುಹಿಡಿಯುತ್ತಿದ್ದ ಈ ಹುಡುಗನಿಗೆ ಜೊತೆಯವರು ‘ಪ್ರೊಫೆಸರ್’ ಎಂದು ಹೆಸರಿಟ್ಟರು. ಅದೇ ಮೊಟಕಾಗಿ ‘ಪ್ರೊ’ ಆಯಿತು. ಕೋಲಾರದ ಗಣಿಯಲ್ಲೂ ಪ್ರತಿ ಶಿಫ್ಟಿಗೊಬ್ಬ ‘ಪ್ರೊಫೆಸರ್’ ಅಥವಾ ‘ಇಂಜಿನಿಯರ್’ ಇರುತ್ತಿದ್ದನಂತೆ, ಆದರೆ ಅವನ ಚಿತ್ರಗಳನ್ನು ನೋಡಲು ಯಾರೂ ಬರಲಿಲ್ಲ. ಹಾರ್ಟ್‌ನ ಅದೃಷ್ಟ ಬೇರೆಯಿತ್ತು. ಬಿಡುವಿನಲ್ಲಿ ಬರೆದ ಚಿತ್ರಗಳು ಅಡಿಲೇಡ್‌ನ ಕಿಮ್ ಬೋನಿಥನ್ ಎಂಬ ಗ್ಯಾಲರಿ ಮಾಲೀಕನ ಕಣ್ಣಿಗೆ ಬಿದ್ದು 1962ರಲ್ಲಿ ಪ್ರದರ್ಶನವಾಯಿತು, ಮುಂದೆ ಗಣಿಯ ಕೆಲಸ ಬಿಟ್ಟುಹೋಯಿತು, 1976ರಲ್ಲಿ ಬ್ರಿಟಿಷ್ ರಾಣಿಯ ಎಂಬಿಇ ಗೌರವವೂ ಬಂತು. 2006ರ ಮಾರ್ಚ್‌ನಲ್ಲಿ, ನರಗಳನ್ನು ಕುಗ್ಗಿಸುವ ಕಾಯಿಲೆಯಿಂದ ಆತ ತೀರಿಕೊಂಡಾಗ ರಾಜ್ಯ ಸರ್ಕಾರದ ಗೌರವದೊಂದಿಗೆ ಇದೇ ಊರಿನಲ್ಲಿ ಅಂತ್ಯಸಂಸ್ಕಾರ ನಡೆಯಿತು.

ಗ್ಯಾಲರಿ ಸರ್ಕಾರದ್ದಲ್ಲ, ಟ್ರಸ್ಟಿನ ಮ್ಯೂಸಿಯಮ್ಮೂ ಅಲ್ಲ. ಆತ ಬದುಕಿದ್ದಾಗ ಕಟ್ಟಿದ, ಆತನ ನಂತರ ಕುಟುಂಬ ನಡೆಸಿಕೊಂಡು ಬಂದಿರುವ ಜಾಗ. ಈ ಒಂದು ಸಂಗತಿಯಿಂದಲೇ ಅದರ ಗುಣವೂ ಮಿತಿಯೂ ಹುಟ್ಟಿವೆ. ಮ್ಯೂಸಿಯಮ್‌ನಲ್ಲಿ ಒಂದು ಗೋಡೆಗೆ ಮೂರು ಚಿತ್ರ ತೂಗಿಸಿ, ನಡುವೆ ಉಸಿರಾಡಲು ಜಾಗ ಬಿಟ್ಟು, ಪಕ್ಕದಲ್ಲಿ ಒಂದು ಪುಟದ ವಿವರಣೆ ಅಂಟಿಸಿರುತ್ತಾರೆ. ಇಲ್ಲಿ ಹಾಗಿಲ್ಲ. ಮನೆಯ ಅಟ್ಟವನ್ನು ಇಳಿಸಿ ತೋರಿಸಿದ ಹಾಗೆ ಎಲ್ಲವೂ ಇದೆ: ತೈಲವರ್ಣ, ಅಕ್ರಿಲಿಕ್, ಲೋಹದ ಕೆಲಸ, ಆತನ ಕೆಲಸದ ಕೋಣೆಯ ಸಾಮಾನು, ಮೈತುಂಬ ಚಿತ್ರ ಬರೆದಿರುವ ಒಂದು ರೋಲ್ಸ್ ರಾಯ್ಸ್ ಕಾರು. ಆ ಕಾರಿನ ಮುಂದೆ ಮಗಳು ಬಹಳ ಹೊತ್ತು ನಿಂತಳು. ನನಗೆ ಮಾತ್ರ ಅದರ ಬಗ್ಗೆ ಒಂದು ವಾಕ್ಯಕ್ಕಿಂತ ಹೆಚ್ಚು ಬರೆಯಬೇಕೆನಿಸುತ್ತಿಲ್ಲ. ಅಷ್ಟು ದುಬಾರಿ ವಸ್ತುವಿನ ಮೇಲೆ ಕುಂಚವಾಡಿಸುವ ಧೈರ್ಯಕ್ಕೆ ಮೆಚ್ಚುಗೆ ಹೇಳಿ ಮುಂದೆ ಹೋಗುತ್ತೇನೆ.

ನಿಂತು ನೋಡಬೇಕಾದದ್ದು ಗಣಿಯೊಳಗಿನ ಚಿತ್ರಗಳನ್ನು. ಗಾತ್ರದಲ್ಲಿ ದೊಡ್ಡದಲ್ಲದ ಒಂದು ಹಲಗೆಯ ಮುಂದೆ ಅಪ್ಪ ನಿಂತವರು ಹತ್ತು ನಿಮಿಷ ಕದಲಲಿಲ್ಲ. ಚಿತ್ರದ ಮುಕ್ಕಾಲು ಭಾಗ ಕಲ್ಲು. ಕಪ್ಪಲ್ಲ, ಕಂದು, ನೇರಳೆ, ಹಸಿರು ಕಲೆಸಿದ ಒಂದು ಭಾರವಾದ ಬಣ್ಣ, ಚೂರಿಯಲ್ಲಿ ಬಳಿದು ಅಲ್ಲಲ್ಲಿ ಕೆರೆದದ್ದು. ಕೆಳಗಿನ ಮೂಲೆಯಲ್ಲಿ ಮೂರು ಜನ ಬಾಗಿದ್ದಾರೆ. ಒಬ್ಬೊಬ್ಬನ ಹಣೆಯಿಂದಲೂ ಹಳದಿ ಬೆಳಕಿನ ಒಂದು ತುಂಡು ಹೊರಟು ಕಲ್ಲಿಗೆ ತಾಗಿ ಅಲ್ಲೇ ನಿಂತುಬಿಟ್ಟಿದೆ. ನಾನು ಬಣ್ಣದ ದಪ್ಪವನ್ನು ನೋಡುತ್ತಿದ್ದೆ. ಅಪ್ಪ ನೋಡುತ್ತಿದ್ದದ್ದು ಬೇರೆ.

“ಮುಖ ಬರ್ದಿಲ್ಲ ನೋಡಪ್ಪ” ಎಂದರು. “ಒಳಗೆ ಎದುರ್ಗಿರೋನ ಮುಖ ಕಾಣ್ಸಲ್ಲ. ದೀಪ ಕಾಣ್ಸುತ್ತೆ, ಅಷ್ಟೇ. ಕಣ್ಣಿಗೆ ಹೊಡೀಬಾರ್ದು ಅಂತ ಮಾತಾಡ್ವಾಗ ತಲೆ ಓರೆ ಮಾಡ್ಬೇಕು. ಈ ಮೂರನೆಯೋನು ಓರೆ ಮಾಡಿದಾನೆ, ಏನೋ ಹೇಳ್ತಿದಾನೆ ಅವ್ನು.”

ನಾನು ಬಗ್ಗಿ ನೋಡಿದೆ. ಮೂರನೆಯ ಆಕೃತಿಯ ಬೆಳಕು ಉಳಿದೆರಡರ ಹಾಗೆ ನೇರವಾಗಿರಲಿಲ್ಲ, ಪಕ್ಕಕ್ಕೆ ಹೊರಳಿತ್ತು. ಕುಂಚದ ಒಂದೇ ಒಂದು ಎಳೆ. ಅದನ್ನು ನಾನು ಸಂಯೋಜನೆಯ ಸೊಗಸು ಎಂದುಕೊಂಡು ಮುಂದೆ ಹೋಗುತ್ತಿದ್ದೆ. ಅಪ್ಪ ಊಟದ ಮೇಜಿನಲ್ಲೂ ಯಾರೊಂದಿಗಾದರೂ ಮಾತನಾಡುವಾಗ ತಲೆಯನ್ನು ಎಡಕ್ಕೆ ಕೊಂಚ ವಾಲಿಸುತ್ತಾರೆ. ಅಮ್ಮ ಅದನ್ನು ಕುತ್ತಿಗೆ ನೋವೆಂದೇ ತಿಳಿದು ವರ್ಷಾನುಗಟ್ಟಲೆ ಎಣ್ಣೆ ಹಚ್ಚಿದ್ದಾರೆ.

ಸೀಸದ ಬಿಳಿ, ಸತುವಿನ ಬಿಳಿ ಎಂಬ ಎರಡು ಬಣ್ಣಗಳು ತೈಲಚಿತ್ರಕಾರರ ಪೆಟ್ಟಿಗೆಯಲ್ಲಿ ಬಹು ಕಾಲದಿಂದ ಇರುವಂಥವು ಎಂಬುದು ಇಲ್ಲಿ ನೆನಪಾಗದೆ ಇರದು. ಈ ಊರಿನ ಹೊಟ್ಟೆಯಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಹೊರಗೆ ಬಂದದ್ದು ಅವೆರಡೇ ಲೋಹಗಳು, ಜೊತೆಗೆ ಬೆಳ್ಳಿ.

ಗಣಿಯ ಚಿತ್ರಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿರುವುದು, ಮತ್ತು ಹಾರ್ಟ್‌ನ ಹೆಸರನ್ನು ದೇಶದಾದ್ಯಂತ ಹರಡಿದ್ದು, ಬಿಡುವಿನ ದಿನದ ಚಿತ್ರಗಳು. ಒಳನಾಡಿನ ಕುದುರೆ ರೇಸು, ಮರದ ಕೆಳಗಿನ ಪಿಕ್ನಿಕ್, ಎರಡು ನಾಣ್ಯಗಳನ್ನು ಮೇಲಕ್ಕೆ ಚಿಮ್ಮಿ ಹಣ ಕಟ್ಟುವ ಟೂ ಅಪ್ ಜೂಜು, ಹೋಟೆಲಿನ ಜಗಲಿ, ಬಣ್ಣಬಣ್ಣದ ಹ್ಯಾಟು, ಛತ್ರಿ, ನಾಯಿ, ಕುಡಿದು ಒರಗಿದವನು. ಐವತ್ತು ಅರವತ್ತು ಜನ ಒಂದೇ ಚಿತ್ರದಲ್ಲಿ ತುಂಬಿರುತ್ತಾರೆ. ಒಬ್ಬೊಬ್ಬನೂ ಬೆರಳಿನ ಉಗುರಿಗಿಂತ ದೊಡ್ಡವನಲ್ಲ, ಆದರೂ ಒಬ್ಬನಂತೆ ಇನ್ನೊಬ್ಬನಿಲ್ಲ. ಹದಿನಾರನೆಯ ಶತಮಾನದ ಫ್ಲೆಮಿಶ್ ಚಿತ್ರಕಾರ ಬ್ರೂಗೆಲ್‌ನ ಹಳ್ಳಿಯ ಜಾತ್ರೆಗಳನ್ನು ಬಲ್ಲವರಿಗೆ ಈ ಗುಂಪುಗಳಲ್ಲಿ ಆತನ ನೆಂಟಸ್ತನ ಕಾಣಬಹುದು. ಜಾತ್ರೆಯ ಗದ್ದಲವನ್ನು ಗುಡ್ಡದ ಮೇಲಿನಿಂದ ನೋಡಿದ ಅನುಭವವಿರುವ ನಮ್ಮ ಕಡೆಯವರಿಗಂತೂ ಆ ನೋಟ ಹೊಸದಲ್ಲ.

ಗಣಿಯ ಕತ್ತಲನ್ನು ಬಲ್ಲವನು ಇಷ್ಟೊಂದು ಪಿಕ್ನಿಕ್ ಯಾಕೆ ಬರೆದ ಎಂಬ ಪ್ರಶ್ನೆಗೆ ಉತ್ತರ ಊರಿನ ಚರಿತ್ರೆಯಲ್ಲಿದೆಯೆಂದು ನನಗನ್ನಿಸುತ್ತದೆ. 1919ರಲ್ಲಿ ಇಲ್ಲಿನ ಕಾರ್ಮಿಕರು ಹೂಡಿದ ಮುಷ್ಕರ ಒಂದೂವರೆ ವರ್ಷ ನಡೆದು, ಕೊನೆಗೆ ನೆಲದಡಿಯ ಕೆಲಸಕ್ಕೆ ವಾರಕ್ಕೆ 35 ಗಂಟೆ ಎಂಬ ನಿಯಮವನ್ನು ಗೆದ್ದುಕೊಟ್ಟಿತು. ಜಗತ್ತಿನ ಬಹುಪಾಲು ಕಾರ್ಮಿಕರು ಅದನ್ನು ಕನಸಿನಲ್ಲೂ ಕಾಣದಿದ್ದ ಕಾಲ ಅದು. ಹಾಗೆ ಪಡೆದ ಬಿಡುವಿಗೆ ಈ ಊರಿನಲ್ಲಿ ಬೇರೆಯೇ ಬೆಲೆ ಇದ್ದಿರಬೇಕು. ಲೈನ್ ಆಫ್ ಲೋಡ್ ಎಂದು ಕರೆಯುವ ಆ ಕಪ್ಪು ದಿಬ್ಬದ ಮೇಲೆ, ಗಣಿಯಲ್ಲಿ ಸತ್ತ 800ಕ್ಕೂ ಹೆಚ್ಚು ಜನರ ಹೆಸರು ಕೆತ್ತಿದ ತುಕ್ಕು ಬಣ್ಣದ ಉಕ್ಕಿನ ಸ್ಮಾರಕವಿದೆ. ಹೆಸರಿನ ಪಕ್ಕದಲ್ಲಿ ಸಾವಿನ ಕಾರಣವನ್ನೂ ಬರೆದಿದ್ದಾರೆ. ಬೆಳಿಗ್ಗೆ ಗ್ಯಾಲರಿ ನೋಡಿ ಸಂಜೆ ಆ ಸ್ಮಾರಕಕ್ಕೆ ಹೋದರೆ, ರೇಸಿನ ದಿನದ ಆ ಹ್ಯಾಟುಗಳು ಬರೀ ತಮಾಷೆಯಾಗಿ ಉಳಿಯುವುದಿಲ್ಲ. ಎರಡನ್ನೂ ಒಂದೇ ದಿನ, ಇದೇ ಕ್ರಮದಲ್ಲಿ ನೋಡುವಂತೆ ಸಲಹೆ ಕೊಡುತ್ತೇನೆ.

ಇನ್ನು ಇರುವೆಗಳು ಮತ್ತು ಏರೋಪ್ಲೇನ್ ಚಿಟ್ಟೆಗಳು. ಹಾರ್ಟ್ ಎಂದರೆ ಆಸ್ಟ್ರೇಲಿಯದವರಿಗೆ ಮೊದಲು ನೆನಪಾಗುವುದು ಇವೇ. ಊರಿನಲ್ಲಿ ಆತ ರೂಪಿಸಿದ ದೈತ್ಯ ಇರುವೆಯೊಂದು ಬೇರೆ ನಿಂತಿದೆ. ನೆಲಕ್ಕೆ ಕಣ್ಣು ಹಚ್ಚಿ ಬೆಳೆದ ಹುಡುಗನಿಗೆ ಇರುವೆ ಕಂಡದ್ದು ಸಹಜ. ಆದರೆ ಚಿತ್ರದಿಂದ ಚಿತ್ರಕ್ಕೆ ಅದೇ ಇರುವೆ, ಅದೇ ಚಿಟ್ಟೆ ಮರಳಿ ಬಂದಾಗ, ಮೊದಲ ಹತ್ತು ಚಿತ್ರಗಳಲ್ಲಿ ನೋಟವಾಗಿದ್ದದ್ದು ಮುಂದೆ ಮುದ್ರೆಯಾಗಿಬಿಟ್ಟಿದೆಯೆಂದು ಅನಿಸದೆ ಇರದು. ಹಾರ್ಟ್ ವೇಗವಾಗಿ ಬರೆಯುತ್ತಿದ್ದ, ಬಹಳ ಬರೆದ. ಬಣ್ಣವನ್ನು ಫಿರಂಗಿಯಲ್ಲಿ ತುಂಬಿ ಕ್ಯಾನ್ವಾಸಿನ ಮೇಲೆ ಸಿಡಿಸಿದ್ದೂ ಉಂಟು. ಫಿರಂಗಿಯ ಚಿತ್ರಗಳನ್ನು ನೋಡುವಾಗ ಸಿಡಿಸಿದವನ ಖುಷಿ ಗೊತ್ತಾಗುತ್ತದೆ, ನೋಡುವವನ ಪಾಲಿಗೆ ಅಷ್ಟು ಉಳಿದಿಲ್ಲ. ಈ ಮಾತಿಗೆ ನನ್ನ ಹೆಂಡತಿಯ ಒಪ್ಪಿಗೆಯಿಲ್ಲ. ಅವಳಿಗೆ ಆ ಚಿತ್ರಗಳೇ ಇಡೀ ಗ್ಯಾಲರಿಯಲ್ಲಿ ಹೆಚ್ಚು ಹಿಡಿಸಿದವು. ನೀವು ಅಪ್ಪ ಮಗ ಇಬ್ಬರೂ ಕತ್ತಲೆಯ ಚಿತ್ರಗಳನ್ನೇ ಹುಡುಕಿಕೊಂಡು ಹೋದಿರಿ ಎಂದು ಅವಳ ದೂರು.

ಅಂಥ ಆಟದ ಗುಣದಿಂದಲೇ ಆತ ಟೆಲಿವಿಷನ್‌ಗೂ ಬಂದದ್ದು. ಕಲೆ ಹಿಡಿಯದ ಕಾರ್ಪೆಟ್ಟಿನ ಜಾಹೀರಾತೊಂದರಲ್ಲಿ ಆತ ಊಟದ ಮೇಜಿನ ಸಾಮಗ್ರಿಗಳನ್ನೇ ಕಾರ್ಪೆಟ್ಟಿನ ಮೇಲೆ ಚೆಲ್ಲಿ, ಎಳೆದು, ಏರೋಪ್ಲೇನ್ ಚಿಟ್ಟೆಯ ಚಿತ್ರ ಬರೆದದ್ದನ್ನು ಇಲ್ಲಿನ ನಡುವಯಸ್ಸಿನವರು ಈಗಲೂ ನಗುತ್ತ ನೆನೆಸಿಕೊಳ್ಳುತ್ತಾರೆ. ನಮ್ಮ ಪಕ್ಕದ ಕ್ಯಾರವಾನ್‌ನಲ್ಲಿದ್ದ ಹಿರಿಯ ದಂಪತಿಗಳಿಗೆ ಗ್ಯಾಲರಿಗೆ ಹೋಗಿದ್ದೆವೆಂದು ಹೇಳಿದಾಗ ಅವರ ಬಾಯಿಂದ ಮೊದಲು ಬಂದದ್ದು ಆ ಜಾಹೀರಾತಿನ ಕೆಲಸದಾಕೆಯ ಸಂಭಾಷಣೆಯೇ. ಇಷ್ಟು ಜನಪ್ರಿಯನಾದವನ ಕೃತಿಗಳಿಗೆ ನಕಲು ಹುಟ್ಟುವುದು ಆಶ್ಚರ್ಯವಲ್ಲ. ಅದನ್ನು ತಡೆಯಲು ಆತ ಕೊನೆಯ ವರ್ಷಗಳಲ್ಲಿ ತನ್ನ ಡಿಎನ್‌ಎಯನ್ನೇ ಗುರುತಾಗಿ ಚಿತ್ರಗಳ ಮೇಲೆ ಹಚ್ಚುವ ವ್ಯವಸ್ಥೆ ಮಾಡಿಕೊಂಡ. ಪ್ರೊಫೆಸರ್ ಎಂಬ ಹೆಸರು ವ್ಯರ್ಥವಾಗಿ ಬಂದದ್ದಲ್ಲ.

ಪಂಡಿತರು ಆತನನ್ನು ಮನಸಾರೆ ಒಪ್ಪಿಕೊಳ್ಳಲಿಲ್ಲ. ಬಹುಮಟ್ಟಿಗೆ ತಾನಾಗಿಯೇ ಕಲಿತ, ಕಾರ್ಪೆಟ್ಟಿನ ಜಾಹೀರಾತಿಗೆ ಕುಣಿದ, ಬೇಡಿಕೆಯಿದ್ದಷ್ಟು ಬರೆದು ಮಾರಿದ ಚಿತ್ರಕಾರನ ಬಗ್ಗೆ ನಗರದ ವಿಮರ್ಶಕರಿಗೆ ಇದ್ದ ಅನುಮಾನ ಪೂರ್ತಿ ಅನ್ಯಾಯವೆಂದು ನಾನು ಹೇಳಲಾರೆ. ಗೋಡೆಗಳ ಮೇಲೆ ಅದಕ್ಕೆ ಸಾಕ್ಷಿಯೂ ಇದೆ. ಆದರೆ ಒಂದು ಮಾತು ಅವರು ಬಿಟ್ಟುಬಿಟ್ಟರು. ಹಾರ್ಟ್‌ನ ಒಳ್ಳೆಯ ಚಿತ್ರಗಳಲ್ಲಿ ಕ್ಷಿತಿಜದ ಗೆರೆ ಎಲ್ಲಿದೆಯೆಂದು ಗಮನಿಸಬೇಕು. ಹಲವು ಕಡೆ ಅದು ಬಹಳ ಮೇಲಿದೆ, ಚಿತ್ರವೆಲ್ಲ ನೆಲ, ಜನ ಆ ನೆಲದ ಮೇಲೆ ಚೆಲ್ಲಿದ ಕಾಳು. ಇನ್ನು ಕೆಲವು ಕಡೆ ಅದು ಪಾತಾಳಕ್ಕಿಳಿದು ಮೇಲೆಲ್ಲ ಆಕಾಶ. ಮನುಷ್ಯನ ಅಳತೆಗೆ ಸರಿಹೊಂದುವ ನಡುವಿನ ಎತ್ತರ ಅಪರೂಪ. ಕಾರಿನ ಗಾಜಿನ ಹಿಂದೆ ಕೂತು, ಹಿಂದಿನ ಕ್ಯಾರವಾನ್‌ನ ಭಾರವನ್ನು ಬೆನ್ನಿನಲ್ಲಿ ಅನುಭವಿಸುತ್ತ, ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೋದರೂ ನಿಂತಲ್ಲೇ ನಿಂತ ಹಾಗೆ ಅನಿಸುವ ಆ ಬಯಲಿನಲ್ಲಿ ಮೂರು ಗಂಟೆ ಕಳೆದವನಿಗೆ ಈ ಅಳತೆ ಚಿತ್ರಕಾರನ ಚಮತ್ಕಾರವೆನಿಸುವುದಿಲ್ಲ. ನೆಲ ಇರುವುದೇ ಹಾಗೆ. ಸಿಡ್ನಿಯ ಬಿಳಿ ಗೋಡೆಯ ಮೇಲೆ ಇದೇ ಚಿತ್ರ ವ್ಯಂಗ್ಯಚಿತ್ರದಂತೆ ಕಂಡಿದ್ದರೆ ಅದು ಗೋಡೆಯ ತಪ್ಪೂ ಇರಬಹುದು.

ಗ್ಯಾಲರಿಯ ಬಣ್ಣದಿಂದ ಹೊರಗೆ ಕಾಲಿಟ್ಟಾಗ ರಸ್ತೆಯ ಬಣ್ಣವೂ ಅದೇ ಆಗಿರುವುದು ಇಲ್ಲಿನ ಇನ್ನೊಂದು ಅನುಕೂಲ. ಒಂದು ಕಾಲದಲ್ಲಿ ಗಣಿಗಳಿಗೆಂದು ಸುತ್ತಲಿನ ಮರಗಳನ್ನೆಲ್ಲ ಕಡಿದು ಈ ಊರು ಧೂಳಿನಲ್ಲಿ ಮುಳುಗಿತ್ತು. 1936ರಿಂದ ಆಲ್ಬರ್ಟ್ ಮೋರಿಸ್ ಎಂಬಾತನ ಪ್ರಯತ್ನದಿಂದ ಊರಿನ ಸುತ್ತ ಬೇಲಿ ಹಾಕಿ, ದನಕರು, ಮೊಲಗಳನ್ನು ಹೊರಗಿಟ್ಟು, ಸ್ಥಳೀಯ ಗಿಡಗಳು ತಾವಾಗಿ ಚಿಗುರಲು ಬಿಟ್ಟರು. ಹಾರ್ಟ್‌ನ ಚಿತ್ರಗಳ ತೆಳು ಕಾಂಡದ, ತಲೆಯಲ್ಲಷ್ಟೇ ಎಲೆಯಿರುವ ಮರಗಳಂಥವು ಆ ಬೇಲಿಯಾಚೆ ಈಗಲೂ ನಿಂತಿವೆ.

ಹಾರ್ಟ್ ಒಬ್ಬನನ್ನೇ ನೋಡಿ ಹೊರಟುಬಿಟ್ಟರೆ ಊರಿನ ಚಿತ್ರಕಲೆಯ ಅರ್ಧ ಕಥೆ ಮಾತ್ರ ತಿಳಿಯುತ್ತದೆ. ಆತನೂ ಜ್ಯಾಕ್ ಅಬ್ಸಲಮ್, ಎರಿಕ್ ಮಿಂಚಿನ್, ಜಾನ್ ಪಿಕಪ್, ಹ್ಯೂ ಶುಲ್ಜ್ ಎಂಬ ನಾಲ್ವರೂ ಸೇರಿ 1973ರಲ್ಲಿ ‘ಬ್ರಷ್‌ಮೆನ್ ಆಫ್ ದ ಬುಷ್’ ಎಂಬ ತಂಡ ಕಟ್ಟಿ, ಒಟ್ಟಿಗೆ ಪ್ರದರ್ಶನ ನಡೆಸಿ, ಬಂದ ಹಣವನ್ನು, ಒಳನಾಡಿನ ರೋಗಿಗಳ ಬಳಿಗೆ ವಿಮಾನದಲ್ಲಿ ವೈದ್ಯರನ್ನು ಕಳುಹಿಸುವ ಫ್ಲೈಯಿಂಗ್ ಡಾಕ್ಟರ್ ಸೇವೆಯಂಥ ಸಂಸ್ಥೆಗಳಿಗೆ ಕೊಟ್ಟರು. ಆರ್ಜೆಂಟ್ ಸ್ಟ್ರೀಟಿನಲ್ಲಿ, ಸಲ್ಲಿಸ್ ಎಂಪೋರಿಯಮ್ ಎಂಬ ಹಳೆಯ ಅಂಗಡಿ ಕಟ್ಟಡದಲ್ಲಿರುವ ನಗರದ ಕಲಾ ಗ್ಯಾಲರಿ 1904ರಲ್ಲಿ ಆರಂಭವಾದದ್ದು. ನ್ಯೂ ಸೌತ್ ವೇಲ್ಸ್‌ನಲ್ಲಿ ಸಿಡ್ನಿಯ ಹೊರಗಿರುವ ಗ್ಯಾಲರಿಗಳಲ್ಲಿ ಅದೇ ಹಳೆಯದು. ಹಾರ್ಟ್ ಗ್ಯಾಲರಿಯ ಕಿಕ್ಕಿರಿದ ಗೋಡೆಗಳ ನಂತರ ಅಲ್ಲಿನ ಎತ್ತರದ ಕೋಣೆಗಳಲ್ಲಿ ಕಣ್ಣಿಗೆ ವಿಶ್ರಾಂತಿ ಸಿಗುತ್ತದೆ. ಊರಾಚೆಯ ಲಿವಿಂಗ್ ಡೆಸರ್ಟ್ ಗುಡ್ಡದ ನೆತ್ತಿಯಲ್ಲಿ 1993ರಲ್ಲಿ ಹಲವು ದೇಶಗಳ ಶಿಲ್ಪಿಗಳು ಕೆತ್ತಿದ 12 ಮರಳುಗಲ್ಲಿನ ಶಿಲ್ಪಗಳಿವೆ. ಸೂರ್ಯಾಸ್ತಕ್ಕೆ ಅಲ್ಲಿಗೆ ಎಲ್ಲರೂ ಹೋಗುತ್ತಾರೆ, ನಾವೂ ಹೋದೆವು, ಚೆನ್ನಾಗಿತ್ತು.

ಕ್ಯಾರವಾನ್‌ನಲ್ಲಿ ಹೋಗುವವರಿಗೆ ಕೆಲವು ಮಾತು. ಕ್ಯಾರವಾನನ್ನು ಪಾರ್ಕಿನಲ್ಲೇ ಬಿಚ್ಚಿಟ್ಟು ಕಾರಿನಲ್ಲಷ್ಟೇ ಗ್ಯಾಲರಿಗೆ ಹೋಗುವುದು ಒಳ್ಳೆಯದು. ಬ್ರೋಕನ್ ಹಿಲ್‌ನ ಬೀದಿಗಳು ಅಗಲವಾಗಿದ್ದರೂ ಗ್ಯಾಲರಿ ಮನೆಗಳ ನಡುವೆ ಇದೆ, ಮತ್ತು ಗಾಡಿಯನ್ನು ಎಲ್ಲಿ ತಿರುಗಿಸುವುದೆಂದು ಯೋಚಿಸುತ್ತ ಯಾರೂ ಚಿತ್ರ ನೋಡಲಾರರು. ಎರಡು ಗಂಟೆಯಾದರೂ ಇಟ್ಟುಕೊಳ್ಳಬೇಕು, ಚಿತ್ರಗಳ ಸಂಖ್ಯೆಗೆ ಅರ್ಧ ಗಂಟೆ ಏನೂ ಸಾಲದು. ಜೂನ್‌ನಿಂದ ಆಗಸ್ಟ್‌ವರೆಗೆ ಹಗಲು ಹಿತವಾಗಿರುತ್ತದೆ, ರಾತ್ರಿ ಕ್ಯಾರವಾನ್‌ನಲ್ಲಿ ಎರಡು ರಗ್ಗು ಬೇಕು. ಡಿಸೆಂಬರ್, ಜನವರಿಯಲ್ಲಿ 40 ಡಿಗ್ರಿ ದಾಟುವ ದಿನಗಳೂ ಇರುವುದರಿಂದ ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಹೋಗಿ ಎಂದು ನಾನು ಹೇಳಲಾರೆ. ಗೋಡೆಯ ಮೇಲಿನ ಚಿತ್ರಗಳನ್ನು ಮೊದಲು ಒಂದು ಸುತ್ತು ಬೇಗ ನೋಡಿ, ಗಣಿಯ ಚಿತ್ರಗಳಿಗೂ ಗುಂಪಿನ ಚಿತ್ರಗಳಿಗೂ ಎರಡನೆಯ ಸುತ್ತು ಬರುವುದು ನಮಗೆ ಸರಿಹೋಯಿತು. ಇರುವೆಗಳು ಹೇಗೂ ಕಣ್ಣಿಗೆ ಬೀಳುತ್ತವೆ.

ಕೊಳ್ಳುವ ವಿಚಾರದಲ್ಲಿ, ಮೂಲಚಿತ್ರದ ಬೆಲೆ ನಮ್ಮಂಥವರ ಕೈಗೆಟುಕುವುದಲ್ಲ. ಪ್ರಿಂಟುಗಳಿವೆ. ಗಾಜಿನ ಕಟ್ಟು ಹಾಕಿದ್ದನ್ನು ಕ್ಯಾರವಾನ್‌ನಲ್ಲಿ ಒಯ್ಯುವ ಯೋಚನೆ ಬೇಡ. ನಮ್ಮ ಅವಲಕ್ಕಿ ಡಬ್ಬದ ಗತಿಯನ್ನು ಮೇಲೆ ಹೇಳಿದ್ದೇನೆ. ಕಟ್ಟು ಹಾಕದ ಪ್ರಿಂಟನ್ನು ರಟ್ಟಿನ ಕೊಳವೆಯಲ್ಲಿ ಸುತ್ತಿಸಿಕೊಂಡು ಹಾಸಿಗೆಯ ಕೆಳಗೆ, ಬಿಸಿಲು ತಾಗದ ಕಡೆ ಇಟ್ಟರೆ ಸುರಕ್ಷಿತ. ಹೆಂಡತಿ ಬಣ್ಣ ಸಿಡಿದ ಒಂದು ಪೋಸ್ಟ್‌ಕಾರ್ಡ್ ತೆಗೆದುಕೊಂಡಳು, ಮಗಳು ಇರುವೆಯದನ್ನು. ಅಪ್ಪ ಇಡೀ ಪ್ರವಾಸದಲ್ಲಿ ತಮ್ಮ ಜೇಬಿನಿಂದ ಹಣ ಕೊಟ್ಟು ಕೊಂಡ ಒಂದೇ ವಸ್ತು ಗಣಿಯ ದೃಶ್ಯದ ಒಂದು ಸಣ್ಣ ಪ್ರಿಂಟು. ಡಾಲರನ್ನು ರೂಪಾಯಿಗೆ ಗುಣಿಸುವ ಅಭ್ಯಾಸ ಅವರಿಗೆ ಇನ್ನೂ ಹೋಗಿಲ್ಲ, ಆದರೂ ಅಂದು ಗುಣಿಸಲಿಲ್ಲ.

ಸೆಪ್ಟೆಂಬರ್‌ನಲ್ಲಿ ಅವರು ಊರಿಗೆ ಹಿಂದಿರುಗಿದಾಗ ಆ ಕೊಳವೆಯನ್ನು ವಿಮಾನದಲ್ಲಿ ಕೈಯಲ್ಲೇ ಹಿಡಿದುಕೊಂಡು ಹೋದರು. ಹೋದ ಮೂರನೆಯ ದಿನ ಕೋಲಾರದ ಗಣಿ ಪ್ರದೇಶದ ರಾಬರ್ಟ್‌ಸನ್‌ಪೇಟೆಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಗೆ ಕೊಟ್ಟು ಬಂದರಂತೆ. ಅಂಗಡಿಯವನು ಪ್ರಿಂಟನ್ನು ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೂ ಭಾರ ಇಟ್ಟು, ಸ್ವಲ್ಪ ಹೊತ್ತು ನೋಡಿ, ಇದು ನಂದಿದುರ್ಗವೋ ಮೈಸೂರು ಮೈನೋ, ಯಾವ ಶಾಫ್ಟು ಸಾರ್ ಎಂದು ಕೇಳಿದನಂತೆ.